ಮದ್ದು

ಏಳುವುದೆಂದರೆ ಒಮ್ಮೆಲೇ ಅಲ್ಲ.
ಮೊದಲು ಕಣ್ಣು ಏಳುತ್ತದೆ, ಆಮೇಲೆ ಸಿಟ್ಟು,
ಬೆರಳುಗಳು ಎಲ್ಲರಿಗಿಂತ ಕೊನೆಗೆ.
ಎಡಗೈಯ ಉಂಗುರದ ಬೆರಳಂತೂ ಬೇಯಿಸಿದ ಸಾಸೇಜು.
ಉಂಗುರವನ್ನು ಹೋದ ಮಾರ್ಚಿನಲ್ಲಿ
ಅಗ್ನಿಶಾಮಕದ ಹುಡುಗ ಕತ್ತರಿಸಿ ತೆಗೆದ,
ಕ್ಷಮಿಸಿ ಎಂದ, ತನ್ನದೇ ತಪ್ಪೆಂಬಂತೆ.
ಎರಡು ತುಂಡೂ ಚಮಚದ ಡ್ರಾಯರಿನಲ್ಲಿವೆ.

ಹೊರಗೆ ಕತ್ತಲೆ. ರಾತ್ರಿಯಲ್ಲ, ಡಿಸೆಂಬರ್.
ನಾರ್ವೆಯ ಈ ತುದಿಯಲ್ಲಿ, ವಾರ್ಡೋದಲ್ಲಿ,
ಸೂರ್ಯ ಎರಡು ತಿಂಗಳು ರಜೆ ಹಾಕುತ್ತಾನೆ,
ನನ್ನ ಚರ್ಮ ಹಾಕುವುದಿಲ್ಲ.
ಹಾಸಿಗೆ ಕೊಡವಿದರೆ ಬಿಳಿ ಹೊಟ್ಟು;
ಟೋರ್ಲೈವ್ ಏನೂ ಅನ್ನದೆ ಗುಡಿಸುತ್ತಾನೆ,
ಕಸಬರಿಗೆಯ ಸದ್ದಾಗದಂತೆ.
ಅದೇ ನನಗೆ ಹೆಚ್ಚು ಕೇಳಿಸುವುದು.

ಔಷಧಗಳ ಕತೆ ಕೇಳಬೇಡಿ. ಕೇಳಿದಿರಲ್ಲ, ಹೇಳುತ್ತೇನೆ.
ಮೊದಲು ಕಪ್ಪು ಡಾಂಬರಿನ ಮುಲಾಮು.
ಹಚ್ಚಿಕೊಂಡ ರಾತ್ರಿ ಕೋಣೆ ತುಂಬ ಅಜ್ಜನ ದೋಣಿ,
ಏಪ್ರಿಲ್ಲಿನಲ್ಲಿ ಅದನ್ನು ಮಗುಚಿ ಹಾಕಿ
ಅವನು ಬಳಿಯುತ್ತಿದ್ದುದರ ವಾಸನೆ.
ದೋಣಿ ನಲವತ್ತು ವರ್ಷ ನೀರು ಕುಡಿಯಲಿಲ್ಲ.
ನಾನು ಮೂರೇ ವಾರಕ್ಕೆ ಸೋರಿದೆ.

ಆಮೇಲೆ ಬೆಳಕಿನ ಕಪಾಟು. ಬತ್ತಲೆ ನಿಂತು,
ಕಪ್ಪು ಕನ್ನಡಕ ಹಾಕಿಕೊಂಡು,
ನೀಲಿ ಟ್ಯೂಬುಗಳ ನಡುವೆ ನಲವತ್ತು ಸೆಕೆಂಡಿನ ಬೇಸಿಗೆ.
ಚರ್ಮ ಒಂದಿಷ್ಟು ಒಪ್ಪಿತು. ಕೀಲುಗಳು ನಕ್ಕವು:
ನಾವು ಒಳಗಿನವರು, ನಮಗೆಲ್ಲಿಯ ಬಿಸಿಲು?

ಟೊಮೆಟೊ ಬಿಡು ಎಂದಳು ನಾದಿನಿ,
ಹಾಲು ಬಿಡು ಎಂದ ಅಂಚೆಯವ.
ಚಿಂತೆ ಬಿಡು ಎಂದವರ ಹೆಸರು ಹೇಳಲಾರೆ,
ಭಾನುವಾರ ಪೀಠದ ಮೇಲೆ ನಿಲ್ಲುವವರು.
ಎಲ್ಲ ಬಿಟ್ಟೆ. ಇದು ಮಾತ್ರ ನನ್ನ ಬಿಡಲಿಲ್ಲ.

ಬುಧವಾರ ಹಳದಿ ಮಾತ್ರೆ ಆರು.
ಗುರುವಾರ ಇಡೀ ಹೊಟ್ಟೆಯೊಳಗೆ ಸಮುದ್ರ.
ಶುಕ್ರವಾರ ಫೋಲಿಕ್ ಆಸಿಡ್, ಕ್ಷಮೆ ಕೇಳಿದ ಹಾಗೆ.
ನನ್ನನ್ನು ಕಾಯಬೇಕಾದ ಕಾವಲಿನವರೇ
ಮನೆಯವರನ್ನು ಕಳ್ಳರೆಂದುಕೊಂಡಿದ್ದಾರಂತೆ;
ಡಾಕ್ಟರು ರಸೀತಿಯ ಹಿಂದೆ ಚಿತ್ರ ಬರೆದು ತೋರಿಸಿದರು.
ಮಾತ್ರೆಯೆಂದರೆ ಆ ಕಾವಲಿನವರಿಗೆ ಹೆಂಡ.
ಒಂದೊಂದು ವಾರ ಅವರಿಗೆ ಏರುವುದೇ ಇಲ್ಲ.

ಇಪ್ಪತ್ತಾರು ವರ್ಷ ಮೀನು ಕಾರ್ಖಾನೆಯಲ್ಲಿ ಚೂರಿ ಹಿಡಿದವಳು.
ಗಾಯಕ್ಕೆ ಉಪ್ಪು ಎಂಬುದು ಅಲ್ಲಿ ಗಾದೆಯಲ್ಲ, ಪಾಳಿ.
ನವೆಂಬರಿನ ಒಂದು ದಿನ, ಕಾಡ್ ಮೀನಿನ ಬೆನ್ನು ಬಿಡಿಸುವಾಗ,
ಚೂರಿ ಕೈಜಾರಿತು. ಮತ್ತೊಮ್ಮೆ ಜಾರಿತು.
ಯಾರೂ ನೋಡಲಿಲ್ಲ ಅಂದುಕೊಂಡೆ.
ಪಕ್ಕದ ಮೇಜಿನ ಯೋಗರಾಣಿ,
ಜಾಫ್ನಾದವಳು, ಮೂವತ್ತು ಚಳಿಗಾಲ ಇಲ್ಲೇ ಕಳೆದವಳು,
ಬಗ್ಗಿ ಚೂರಿ ಎತ್ತಿ ತನ್ನ ಹಲಗೆಯ ಮೇಲಿಟ್ಟುಕೊಂಡು
ನನ್ನ ಪೆಟ್ಟಿಗೆಯ ಮೀನನ್ನೂ ಸೀಳತೊಡಗಿದಳು.
ಮಾತಿಲ್ಲ. ಸಂಜೆ ನನ್ನ ಕೋಟಿನ ಗುಂಡಿ ಹಾಕುತ್ತ
'ನಾಳೆಯೂ ಬಾ' ಅಂದಳು, ಅಷ್ಟೆ.
ಇಬ್ಬರ ತೋಳಿನ ಮೇಲೂ ಹುರುಪೆ.
ಅವಳದು ತೊಳೆದರೆ ಹೋಗುತ್ತದೆ.

ಫ್ರಿಜ್ಜಿನಲ್ಲಿ ಬೆಣ್ಣೆಯ ಪಕ್ಕ ಈಗ ಹೊಸ ಮದ್ದು,
ಪೆನ್ನಿನಂಥದ್ದು. ತೊಡೆಗೆ ಒತ್ತಿದರೆ ಟಕ್,
ಹತ್ತು ಎಣಿಸಬೇಕು.
ಹಿಂದಿನ ಪೆನ್ನು ಎಂಟು ತಿಂಗಳು ನನ್ನ ಮಾತು ಕೇಳಿತು,
ಆಮೇಲೆ ಕಿವುಡಾಯಿತು. ಇದು ಎಷ್ಟು ದಿನವೋ.
ಟೋರ್ಲೈವ್ ಗಟ್ಟಿಯಾಗಿ ಎಣಿಸುತ್ತಾನೆ,
ಏಳಾದ ಮೇಲೆ ಎಂಟನ್ನು ಹಾರಿ ಒಂಬತ್ತು ಅನ್ನುತ್ತಾನೆ,
ನನಗೆ ಬೇಗ ಮುಗಿಯಲೆಂದು.
ಆ ಎಂಟನ್ನು ನಾನು ಮನಸ್ಸಿನಲ್ಲೇ ಸೇರಿಸಿಕೊಳ್ಳುತ್ತೇನೆ.

ಇವತ್ತು ಕೋಟೆಯಲ್ಲಿ ತೋಪು ಹಾರಿತು.
ಸೂರ್ಯ ಪೂರ್ತಿ ಕಂಡ ಮೊದಲ ದಿನ, ಮಕ್ಕಳಿಗೆ ಶಾಲೆಯಿಲ್ಲ.
ಅದೂ ಮದ್ದೇ, ಇದೂ ಮದ್ದೇ ಎಂದುಕೊಂಡು
ಮೆಟ್ಟಿಲಿಳಿದೆ, ಪಕ್ಕಕ್ಕೆ ತಿರುಗಿ, ಏಡಿಯ ಹಾಗೆ.
ಬಿಸಿಲು ಕೈಮೇಲೆ ಬಿತ್ತು. ಬಿಸಿಯೇನಿಲ್ಲ.
ಕೋಟಿನ ಮೇಲಿನ ಎರಡು ಗುಂಡಿ ನಾನೇ ಹಾಕಿಕೊಂಡೆ.
ಪೆನ್ನಿನ ಗುಣವೋ, ಮಾತ್ರೆಯದೋ,
ಕಾಯಿಲೆಯೇ ಒಂದು ಗಳಿಗೆ ಮರೆತು ಕೂತಿತ್ತೋ, ಗೊತ್ತಿಲ್ಲ.
ಮೂರನೆಯದಕ್ಕೆ ಬೆರಳು ಒಪ್ಪಲಿಲ್ಲ.
ಎದುರಿಗೆ ಯೋಗರಾಣಿ ಬರುತ್ತಿದ್ದಳು,
ದೂರದಿಂದಲೇ ಕೈಗವಸು ಕಳಚುತ್ತ.